ಏಳುನೂರು ಅಶ್ವಶಕ್ತಿಯ ಗಾಡಿಗೆ ಎಂಟು ಸಾವಿರ ಪೌಂಡಿನ ಮಿತಿ ಯಾಕೆ?

ಪ್ರಶ್ನೆ: ನನ್ನ ಬಳಿ 2021ರ ರಾಮ್ 1500 ಟಿಆರ್‌ಎಕ್ಸ್ ಪಿಕಪ್ ಇದೆ. ಎಂಜಿನ್ 702 ಅಶ್ವಶಕ್ತಿಯದು, ಆದರೆ ಎಳೆಯುವ ಮಿತಿ 8,100 ಪೌಂಡ್ ಮಾತ್ರ. ಗೆಳೆಯನದು ಸಾಮಾನ್ಯ ರಾಮ್ 1500, 395 ಅಶ್ವಶಕ್ತಿಯ ಹೆಮಿ ಎಂಜಿನ್. ಆ ಸಾಲಿನ ಗಾಡಿಗಳು 12,750 ಪೌಂಡ್‌ವರೆಗೂ ಎಳೆಯುತ್ತವಂತೆ. ಇದು ಹೇಗೆ ಸಾಧ್ಯ? ನಾವು ಮನೆಯಲ್ಲಿ ನಾಲ್ವರು. ಖಾಲಿ ತೂಕ 6,200 ಪೌಂಡ್ ಇರುವ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ಯುವ ಮನೆ) ನೋಡಿದ್ದೇವೆ. ಮಿತಿಗಿಂತ ಸಾಕಷ್ಟು ಕೆಳಗಿದೆಯಲ್ಲ, ಕೊಳ್ಳಬಹುದೇ? ಬೇಕಿದ್ದರೆ ಹಿಂದಿನ ಸ್ಪ್ರಿಂಗ್‌ಗೆ ಏರ್‌ಬ್ಯಾಗ್ ಹಾಕಿಸಿ ಮಿತಿ ಹೆಚ್ಚಿಸಿಕೊಳ್ಳಬಹುದೇ?

ಉತ್ತರ: ಆ ಟ್ರೇಲರಿಗೆ ಮುಂಗಡ ಕೊಡಬೇಡಿ. 6,200 ಎಂಬುದು 8,100ಕ್ಕಿಂತ ಕಡಿಮೆ ಎಂಬ ನಿಮ್ಮ ಲೆಕ್ಕ ಸರಿಯೇ. ಆದರೆ ನಿಮ್ಮ ಗಾಡಿ 8,100ರ ಹತ್ತಿರ ಬರುವ ಮೊದಲೇ ಬೇರೊಂದು ಅಂಕಿಗೆ ತಗುಲಿ ನಿಂತುಬಿಡುತ್ತದೆ. ಆ ಅಂಕಿ ಜಾಹೀರಾತಿನಲ್ಲಿ ಕಾಣುವುದಿಲ್ಲ. ಚಾಲಕನ ಬಾಗಿಲು ತೆರೆದು ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿ ನೋಡಿ. ಕುಳಿತವರ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಅಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. ಟಿಆರ್‌ಎಕ್ಸ್‌ಗೆ ಕಂಪನಿ ಹೇಳಿದ ಗರಿಷ್ಠ ಪೇಲೋಡ್ 1,310 ಪೌಂಡ್, ಅಂದರೆ 594 ಕಿಲೋ. ಸನ್‌ರೂಫ್‌ನಂಥ ಹೆಚ್ಚುವರಿ ಸಲಕರಣೆ ಇದ್ದರೆ ನಿಮ್ಮ ಬಾಗಿಲ ಚೀಟಿಯ ಅಂಕಿ ಅದಕ್ಕಿಂತಲೂ ಕಡಿಮೆ ಇರಬಹುದು.

ಮೊದಲು ನಿಮ್ಮ ಬೆರಗಿಗೆ ಉತ್ತರ ಕೊಡುತ್ತೇನೆ. ಎಂಜಿನ್ ದೊಡ್ಡದಾದರೆ ಎಳೆಯುವ ಮಿತಿಯೂ ದೊಡ್ಡದಾಗಬೇಕು ಎಂದುಕೊಳ್ಳುವುದು ಸಹಜ. ನಿಮ್ಮ ಗಾಡಿಯಂತೆಯೇ ಮರಳುಗಾಡಿನ ಓಟಕ್ಕೆಂದು ಮಾಡಿದ ಫೋರ್ಡ್ ಎಫ್-150 ರಾಪ್ಟರ್‌ನ ಉದಾಹರಣೆ ನೋಡಿ. 2021ರ ರಾಪ್ಟರ್‌ನಲ್ಲಿ 450 ಅಶ್ವಶಕ್ತಿಯ ವಿ6 ಎಂಜಿನ್ ಇತ್ತು, ಮಿತಿ 8,200 ಪೌಂಡ್. 2023ರಲ್ಲಿ ಬಂದ ರಾಪ್ಟರ್ ಆರ್‌ಗೆ ಸೂಪರ್‌ಚಾರ್ಜರ್ ಇರುವ 5.2 ಲೀಟರ್ ವಿ8 ಕೂರಿಸಿದರು, ಶಕ್ತಿ 700ಕ್ಕೆ ಏರಿತು. ಮಿತಿ ಏರಿದ್ದು 8,700 ಪೌಂಡಿಗೆ. ಇನ್ನೂರೈವತ್ತು ಅಶ್ವಶಕ್ತಿ ಸೇರಿಸಿದರೆ ಸಿಕ್ಕಿದ್ದು ಐನೂರು ಪೌಂಡ್. ಅದೇ ಕಾಲದ ಸಾಮಾನ್ಯ ಎಫ್-150ಯಲ್ಲಿ 325 ಅಶ್ವಶಕ್ತಿಯ ಚಿಕ್ಕ 2.7 ಲೀಟರ್ ಎಂಜಿನ್ ಇದ್ದರೂ, ಸರಿಯಾದ ಸಲಕರಣೆಯೊಂದಿಗೆ ಅದು 10,100 ಪೌಂಡ್‌ವರೆಗೆ ಎಳೆಯುತ್ತದೆ. ಅಂದಮೇಲೆ ನಿಮ್ಮ ಗಾಡಿಯ ಮಿತಿಯನ್ನು ಕಟ್ಟಿಹಾಕಿರುವುದು ಎಂಜಿನ್ ಅಲ್ಲ.

ಕಟ್ಟಿಹಾಕಿರುವುದು ಸ್ಪ್ರಿಂಗ್, ಟೈರ್ ಮತ್ತು ಗಾಡಿಯ ಸ್ವಂತ ತೂಕ. ಮರಳುಗಾಡಿನಲ್ಲಿ ಗಂಟೆಗೆ ಎಂಬತ್ತು ಮೈಲಿ ವೇಗದಲ್ಲಿ ಹಳ್ಳದಿಬ್ಬಗಳ ಮೇಲೆ ಓಡುವ ಗಾಡಿಗೆ ಚಕ್ರ ಮೇಲೆಕೆಳಗೆ ಬಹಳ ದೂರ ಚಲಿಸಬೇಕು. 2021ರ ರಾಪ್ಟರ್‌ನಲ್ಲಿ 35 ಇಂಚಿನ ಟೈರ್ ಇದ್ದರೆ ಹಿಂದಿನ ಚಕ್ರದ ಚಲನೆ 15 ಇಂಚು. ನಿಮ್ಮ ಟಿಆರ್‌ಎಕ್ಸ್‌ನಲ್ಲೂ ಹದಿಮೂರು ಇಂಚಿಗಿಂತ ಹೆಚ್ಚು. ಅಷ್ಟು ಉದ್ದದ ಚಲನೆ ಬೇಕೆಂದರೆ ಸ್ಪ್ರಿಂಗ್ ಮೆದುವಾಗಿರಲೇಬೇಕು. ಗಡಸು ಸ್ಪ್ರಿಂಗ್ ಹಾಕಿದರೆ ಚಕ್ರ ನೆಲ ಬಿಟ್ಟು ಹಾರುತ್ತದೆ. ಮೆದು ಸ್ಪ್ರಿಂಗ್ ಮೇಲೆ ಭಾರ ಹೇರಿದರೆ ಗಾಡಿಯ ಹಿಂಭಾಗ ಕುಸಿದು ಆ ಇಂಚುಗಳಲ್ಲಿ ಅರ್ಧ ನಿಂತಲ್ಲೇ ಖರ್ಚಾಗಿಬಿಡುತ್ತವೆ. ನೀವು ಹಣ ಕೊಟ್ಟು ಕೊಂಡದ್ದು ಆ ಮೆದುತನವನ್ನೇ. ಎಳೆಯುವ ಮಿತಿ ಅದರ ಬೆಲೆ.

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಓಡಾಡುತ್ತಿದೆ. ಹಿಂಭಾಗದಲ್ಲಿ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಬದಲು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಹಾಕಿದ್ದರಿಂದ ಈ ಗಾಡಿಗಳು ಎಳೆಯಲಾರವು ಎನ್ನುತ್ತಾರೆ. ಅದು ನಿಜವಲ್ಲ. ನಿಮ್ಮ ಗೆಳೆಯನ ಸಾಮಾನ್ಯ ರಾಮ್‌ನ ಹಿಂಭಾಗದಲ್ಲೂ ಕಾಯಿಲ್ ಸ್ಪ್ರಿಂಗೇ ಇದೆ. ರಾಪ್ಟರ್ 2020ರವರೆಗೆ ಲೀಫ್ ಸ್ಪ್ರಿಂಗ್ ಇಟ್ಟುಕೊಂಡಿತ್ತು, 2021ರಲ್ಲಿ ಕಾಯಿಲ್‌ಗೆ ಬದಲಾಯಿತು. ಮಿತಿ ಇಳಿಯಲಿಲ್ಲ, 8,000ದಿಂದ 8,200ಕ್ಕೆ ಏರಿತು. ಸ್ಪ್ರಿಂಗ್‌ನ ಆಕಾರಕ್ಕಿಂತ ಅದರ ಗಡಸುತನ ಮುಖ್ಯ.

ಟೈರಿನ ಮಾತು. ಎತ್ತರದ ಪಕ್ಕೆಯ ಆಲ್-ಟೆರೇನ್ ಟೈರ್ ಕಲ್ಲಿನ ಮೇಲೆ ಮಡಚಿಕೊಳ್ಳಲೆಂದೇ ಮಾಡಿದ್ದು. ಹೆದ್ದಾರಿಯಲ್ಲಿ ಟ್ರೇಲರ್ ಪಕ್ಕಕ್ಕೆ ಜಗ್ಗಿದಾಗಲೂ ಅದೇ ಪಕ್ಕೆ ಮಡಚಿಕೊಳ್ಳುತ್ತದೆ. ಇನ್ನೊಂದು ಲೆಕ್ಕವೂ ಇದೆ. 33 ಇಂಚಿನ ಟೈರ್ ತೆಗೆದು 37 ಇಂಚಿನದು ಹಾಕಿದರೆ ಗೇರ್ ಅನುಪಾತ ಸುಮಾರು ನೂರಕ್ಕೆ ಹನ್ನೆರಡರಷ್ಟು ಸಡಿಲವಾದಂತೆ. ಟ್ರಾನ್ಸ್‌ಮಿಷನ್ ಹೆಚ್ಚು ಬಿಸಿಯಾಗುತ್ತದೆ, ಬ್ರೇಕಿಗೂ ಅದೇ ಪಾಡು. 2021ರ ರಾಪ್ಟರ್‌ನಲ್ಲಿ 35 ಇಂಚಿನ ಟೈರಿಗೆ ಪೇಲೋಡ್ 1,400 ಪೌಂಡ್. 37 ಇಂಚಿನ ಪ್ಯಾಕೇಜ್ ಆಯ್ದುಕೊಂಡರೆ 1,200ಕ್ಕೆ ಇಳಿಯುತ್ತದೆ. ನೋಡಲು ಚೆನ್ನ ಎಂದು ಇನ್ನೂ ದೊಡ್ಡ ಟೈರ್ ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಟ್ರೇಲರ್ ಯೋಚನೆ ಬಿಡಿ.

ಇನ್ನು ಸ್ವಂತ ತೂಕ. ಡಾನಾ 60 ಎಂಬ ದಪ್ಪ ಹಿಂದಿನ ಆಕ್ಸಲ್, ಅಗಲವಾದ ಮೈ, ಹೊಟ್ಟೆಯಡಿಯ ಉಕ್ಕಿನ ಫಲಕಗಳು, ಸೂಪರ್‌ಚಾರ್ಜರ್, ಭಾರಿ ಶಾಕ್ ಅಬ್ಸಾರ್ಬರ್‌ಗಳು, ಇವೆಲ್ಲ ಗಟ್ಟಿ ವಸ್ತುಗಳು. ಆದರೆ ಗಾಡಿಗೆ ಒಟ್ಟು ತೂಕದ ಒಂದು ಗಡಿ ಇರುತ್ತದೆ, ಅದನ್ನು ಜಿವಿಡಬ್ಲ್ಯುಆರ್ ಎನ್ನುತ್ತಾರೆ. ಗಾಡಿಯೇ ಭಾರವಾದರೆ ಆ ಗಡಿಯೊಳಗೆ ನಿಮಗೆ ಉಳಿಯುವ ಜಾಗ ಕಿರಿದಾಗುತ್ತದೆ. ಆಕ್ಸಲ್ ಎಷ್ಟೇ ದಪ್ಪವಿರಲಿ, ಬಾಗಿಲ ಚೀಟಿ ಅದನ್ನು ಪರಿಗಣಿಸುವುದಿಲ್ಲ.

ಇದೇ ಕಾರಣಕ್ಕೆ, ಮರಳುಗಾಡಿನ ಓಟಕ್ಕೆ ಪೂರ್ತಿ ಒಪ್ಪಿಸಿಕೊಳ್ಳದ ಆಫ್‌ರೋಡ್ ಮಾದರಿಗಳಲ್ಲಿ ಮಿತಿ ಇಷ್ಟು ಕುಸಿಯುವುದಿಲ್ಲ. 2021ರ ಎಫ್-150 ಟ್ರೆಮರ್ 10,900 ಪೌಂಡ್ ಎಳೆಯುತ್ತಿತ್ತು. ಅಮೆರಿಕದ ಆಚೆಗೂ ಇದೇ ಕಥೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಫೋರ್ಡ್ ರೇಂಜರ್ 3,500 ಕಿಲೋ ಎಳೆದರೆ ರೇಂಜರ್ ರಾಪ್ಟರ್‌ನ ಮಿತಿ 2,500 ಕಿಲೋ. ಒಂದು ಟನ್ ಪೂರ್ತಿ ಹೋಯಿತು, ಎಂಜಿನ್ ಶಕ್ತಿ ಹೆಚ್ಚಾದರೂ.

ಈಗ 8,100 ಎಂಬ ಅಂಕಿ ಎಲ್ಲಿಂದ ಬರುತ್ತದೆ ಎಂದು ನೋಡೋಣ. ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇರುವುದು ಇಲ್ಲಿ. ಹಿಂದೆ ಪ್ರತಿ ಕಂಪನಿಯೂ ತನಗೆ ತೋಚಿದಂತೆ ಮಿತಿ ಘೋಷಿಸುತ್ತಿತ್ತು. 2008ರಲ್ಲಿ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯಿಂದ ಜೆ2807 ಎಂಬ ಸಾಮಾನ್ಯ ಮಾನದಂಡ ಬಂತು. ಮೊದಲು ಒಪ್ಪಿಕೊಂಡದ್ದು ಟೊಯೋಟಾ. ಉಳಿದವರು ಒಬ್ಬೊಬ್ಬರಾಗಿ ಬಂದರು. ಅದರ ಪ್ರಕಾರ ಟ್ರೇಲರ್ ಕಟ್ಟಿದ ಗಾಡಿ ನಿಂತಲ್ಲಿಂದ 60 ಮೈಲಿ ವೇಗಕ್ಕೆ 30 ಸೆಕೆಂಡಿನೊಳಗೆ ಏರಬೇಕು. ಶೇಕಡಾ 12ರ ಏರಿನಲ್ಲಿ ನಿಂತು, ಮುಂದಕ್ಕೂ ಹಿಂದಕ್ಕೂ ಮತ್ತೆ ಮತ್ತೆ ಹೊರಡಬೇಕು. ಆಮೇಲೆ ಅರಿಜೋನಾದ ಡೇವಿಸ್ ಡ್ಯಾಮ್ ಏರು. 11.4 ಮೈಲಿ ಉದ್ದದ ಆ ಏರನ್ನು ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು, 40 ಮೈಲಿ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು. ಇವೆಲ್ಲ ಎಂಜಿನ್ ಮತ್ತು ತಂಪಾಗಿಸುವ ವ್ಯವಸ್ಥೆಗೆ ಒಡ್ಡಿದ ಪರೀಕ್ಷೆಗಳು. ನಿಮ್ಮ 702 ಅಶ್ವಶಕ್ತಿಗೆ ಅವು ದೊಡ್ಡ ಸವಾಲಲ್ಲ. ಆದರೆ ಅದೇ ಮಾನದಂಡ ತಿರುವಿನಲ್ಲಿ ಗಾಡಿ ಹೇಗೆ ನಡೆದುಕೊಳ್ಳುತ್ತದೆ, ಟ್ರೇಲರ್ ಓಲಾಡಿದರೆ ಓಲಾಟ ಎಷ್ಟು ಬೇಗ ಅಡಗುತ್ತದೆ ಎಂಬುದನ್ನೂ ಅಳೆಯುತ್ತದೆ. ಮೆದು ಸ್ಪ್ರಿಂಗ್ ಮತ್ತು ಎತ್ತರದ ಟೈರ್‌ಗೆ ಕಷ್ಟವಾಗುವುದು ಈ ಭಾಗ.

ಆ ಮಾನದಂಡದಲ್ಲಿ ಎರಡು ಊಹೆಗಳಿವೆ, ಅವನ್ನು ಯಾರೂ ಜಾಹೀರಾತಿನಲ್ಲಿ ಬರೆಯುವುದಿಲ್ಲ. ಒಂದು, ಗಾಡಿಯಲ್ಲಿ ಇರುವವರು ಇಬ್ಬರೇ, ತಲಾ 150 ಪೌಂಡ್. ಎರಡು, ಟ್ರೇಲರಿನ ತೂಕದಲ್ಲಿ ಗಾಡಿಯ ಹಿಚ್ (ಟ್ರೇಲರ್ ಕಟ್ಟುವ ಹಿಂದಿನ ಕೊಂಡಿ) ಮೇಲೆ ಕೂರುವುದು ಶೇಕಡಾ 10. ಈ ಎರಡನೆಯದನ್ನು ಟಂಗ್ ವೇಟ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಮೂಕಿಭಾರ ಎನ್ನಬಹುದು. ಎತ್ತಿನ ಗಾಡಿಯ ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಹೇರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿನದೂ ಅದೇ ತತ್ವ.

8,100ರ ಹತ್ತನೇ ಒಂದು 810. ಇಬ್ಬರ ತೂಕ 300 ಸೇರಿಸಿ, 1,110. ಪೇಲೋಡ್ 1,310ರೊಳಗೆ ಹಿಡಿಸಿತು. ಈಗ ಮೂಕಿಭಾರವನ್ನು ಶೇಕಡಾ 13ಕ್ಕೆ ಏರಿಸಿ. 1,053ಕ್ಕೆ 300 ಕೂಡಿದರೆ 1,353. ಆಗಲೇ ಮೀರಿತು, ಮಕ್ಕಳು ಇನ್ನೂ ಹತ್ತಿಲ್ಲ. ಟ್ರಾವೆಲ್ ಟ್ರೇಲರ್ ಹೆದ್ದಾರಿಯಲ್ಲಿ ಸ್ಥಿರವಾಗಿ ಬರಬೇಕೆಂದರೆ ಮೂಕಿಭಾರ 10ರಿಂದ 15ರ ನಡುವೆ ಇರಬೇಕು. ನಾನು 13ಕ್ಕಿಂತ ಕೆಳಗೆ ಲೆಕ್ಕ ಹಾಕುವುದಿಲ್ಲ.

ನಿಮ್ಮ ಟ್ರೇಲರನ್ನೇ ತೆಗೆದುಕೊಳ್ಳೋಣ. 6,200 ಖಾಲಿ ತೂಕ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೀರು, ಪಾತ್ರೆ, ಬಟ್ಟೆ, ಊಟದ ಸಾಮಾನು ಸೇರಿದರೆ 1,200 ಪೌಂಡ್ ಏರುವುದು ದೊಡ್ಡ ಮಾತಲ್ಲ. ನೀರೊಂದೇ ಪ್ರತಿ ಅಮೆರಿಕನ್ ಗ್ಯಾಲನ್‌ಗೆ 8.3 ಪೌಂಡ್ ತೂಗುತ್ತದೆ. ಹಾಗಾಗಿ ರಸ್ತೆಯ ಮೇಲಿನ ತೂಕ 7,400. ಅದರ ಶೇಕಡಾ 13 ಅಂದರೆ 962 ಪೌಂಡ್ ಮೂಕಿಭಾರ. ನಾಲ್ವರ ತೂಕ 530 ಎಂದಿಟ್ಟುಕೊಳ್ಳಿ. ಭಾರ ಹಂಚುವ ಹಿಚ್ ಸುಮಾರು 90. ಬೆಡ್‌ನಲ್ಲಿ, ಅಂದರೆ ಪಿಕಪ್‌ನ ಹಿಂದಿನ ತೆರೆದ ತೊಟ್ಟಿಯಲ್ಲಿ, ಜನರೇಟರ್, ಸೈಕಲ್, ಕುರ್ಚಿ ಎಲ್ಲ ಸೇರಿ 150. ಕೂಡಿದರೆ 1,732. ಗಡಿ 1,310. ಎಳೆಯುವ ಮಿತಿಗಿಂತ ಏಳುನೂರು ಪೌಂಡ್ ಕೆಳಗಿದ್ದೂ ಪೇಲೋಡನ್ನು ನಾನೂರಕ್ಕೂ ಹೆಚ್ಚು ಪೌಂಡ್ ಮೀರಿದ್ದೀರಿ.

ಮೀರಿದ್ದು ಚೀಟಿಯ ಮೇಲಿನ ಅಂಕಿ ತಾನೇ ಎಂದು ಕೆಲವರು ಹೇಳುತ್ತಾರೆ. ಗಾಡಿಯ ಕೆಳಗೆ ಏನಾಗುತ್ತದೆ ನೋಡಿ. ಹಿಚ್‌ನ ಗುಂಡು ಹಿಂದಿನ ಆಕ್ಸಲ್‌ಗಿಂತ ಬಹಳ ಹಿಂದೆ ಇರುತ್ತದೆ. ಟಿಆರ್‌ಎಕ್ಸ್‌ನ ಚಕ್ರಗಳ ನಡುವಿನ ಅಂತರ 145 ಇಂಚು. ಗುಂಡು ಆಕ್ಸಲ್‌ನಿಂದ 58 ಇಂಚು ಹಿಂದೆ ಇದೆ ಎಂದುಕೊಂಡರೆ, 962 ಪೌಂಡ್ ಸನ್ನೆಗೋಲಿನಂತೆ ಕೆಲಸ ಮಾಡಿ ಹಿಂದಿನ ಆಕ್ಸಲ್ ಮೇಲೆ ಸುಮಾರು 1,350 ಪೌಂಡ್ ಹೇರುತ್ತದೆ, ಮುಂದಿನ ಆಕ್ಸಲ್‌ನಿಂದ ಸುಮಾರು 385 ಪೌಂಡ್ ಎತ್ತುತ್ತದೆ. ಸ್ಟೀರಿಂಗ್ ಮಾಡುವ ಚಕ್ರ ಹಗುರಾಯಿತು, ಹೆಚ್ಚಿನ ಪಾಲು ಬ್ರೇಕ್ ಹಿಡಿಯುವ ಚಕ್ರವೂ ಅದೇ. ಹೆಡ್‌ಲೈಟ್ ಆಕಾಶ ನೋಡುತ್ತದೆ. ಸಾಮಾನ್ಯ ಪಿಕಪ್‌ನಲ್ಲೂ ಇದು ನಡೆಯುತ್ತದೆ, ಆದರೆ ಅಲ್ಲಿ ಗಡಸು ಸ್ಪ್ರಿಂಗ್ ಅಷ್ಟು ಕುಸಿಯುವುದಿಲ್ಲ.

ಭಾರ ಹಂಚುವ ಹಿಚ್ ಇದನ್ನು ಸಾಕಷ್ಟು ಸರಿಪಡಿಸುತ್ತದೆ. ಅದರ ಉಕ್ಕಿನ ಕಂಬಿಗಳು ಹಿಂದೆ ಬಿದ್ದ ಭಾರದ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೂ ಇನ್ನೊಂದು ಪಾಲನ್ನು ಟ್ರೇಲರಿನ ಆಕ್ಸಲ್‌ಗೂ ದಾಟಿಸುತ್ತವೆ. ಇಂಥ ಟ್ರೇಲರಿಗೆ ಅದನ್ನು ಬಿಟ್ಟು ಹೊರಡಲೇಬಾರದು. ಕಂಪನಿಯ ಕೈಪಿಡಿಯಲ್ಲಿ ನಿಮ್ಮ ಮಾದರಿಗೆ ಏನು ಹೇಳಿದೆ, ಮುಂದಿನ ಎತ್ತರ ಎಷ್ಟರ ಮಟ್ಟಿಗೆ ಮರಳಬೇಕು ಎಂದು ಓದಿಕೊಂಡು ಹೊಂದಿಸಿ. ಮುಂಭಾಗವನ್ನು ಪೂರ್ತಿ ಮೊದಲಿನ ಎತ್ತರಕ್ಕೆ ಎಳೆದು ತರಬೇಕೆಂದು ಹಟ ಹಿಡಿದರೆ ಹಿಂದಿನ ಟೈರುಗಳ ಹಿಡಿತ ಕಡಿಮೆಯಾಗುತ್ತದೆ. ಆದರೆ ಆ ಹಿಚ್ ನಾನೂರು ಪೌಂಡನ್ನು ಮಾಯ ಮಾಡುತ್ತದೆ ಎಂದು ನಂಬಬೇಡಿ. ಎಷ್ಟು ದಾಟಿತು ಎಂಬುದನ್ನು ತೂಕ ಹಾಕಿ ನೋಡಿದ ಮೇಲೆಯೇ ಹೇಳಬೇಕು.

ಈಗ ಏರ್‌ಬ್ಯಾಗ್. ಸ್ಪ್ರಿಂಗ್ ಒಳಗೆ ಕೂರಿಸುವ ಗಾಳಿ ತುಂಬಿದ ಆ ಚೀಲ ಕುಸಿದ ಹಿಂಭಾಗವನ್ನು ಮೇಲೆತ್ತುತ್ತದೆ, ಅಷ್ಟೇ. ಹಿಂದಿನ ಆಕ್ಸಲ್ ಮೇಲಿನ ಪೌಂಡುಗಳು ಹಾಗೇ ಇರುತ್ತವೆ, ಮುಂದಿನ ಆಕ್ಸಲ್ ಹಗುರವಾಗಿಯೇ ಇರುತ್ತದೆ. ಟೈರಿನ ಸಾಮರ್ಥ್ಯ, ಬ್ರೇಕಿನ ಸಾಮರ್ಥ್ಯ, ಹಿಚ್ ಕೂರುವ ರಿಸೀವರ್‌ನ ಸಾಮರ್ಥ್ಯ ಯಾವುದೂ ಬದಲಾಗುವುದಿಲ್ಲ. ಬಾಗಿಲ ಚೀಟಿಯ ಅಂಕಿಯನ್ನು ಹೆಚ್ಚಿಸುವ ಬಿಡಿಭಾಗ ಮಾರುಕಟ್ಟೆಯಲ್ಲಿ ಇಲ್ಲ. ಇನ್ನೂ ಕೆಟ್ಟದ್ದೆಂದರೆ ಏರ್‌ಬ್ಯಾಗ್ ಹಾಕಿದ ಗಾಡಿ ಹೊರಗಿನಿಂದ ನೋಡಲು ಸಮತಟ್ಟಾಗಿರುತ್ತದೆ. ಕುಸಿದ ಹಿಂಭಾಗ ಕೊಡುತ್ತಿದ್ದ ಎಚ್ಚರಿಕೆಯೂ ಹೋಯಿತು. ಗಡಿಯೊಳಗೆ ಇರುವ ಭಾರಕ್ಕೆ ಅದನ್ನು ಬಳಸಿದರೆ ನನ್ನ ತಕರಾರಿಲ್ಲ; ಗಡಿ ದಾಟಲು ಬಳಸಬೇಡಿ.

ಓಲಾಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಜೀವ ಹೋಗುವುದು ಇದರಿಂದ. ಟ್ರೇಲರ್ ಎಡಕ್ಕೆ ಬಲಕ್ಕೆ ಓಲಾಡತೊಡಗಿದರೆ ಕಡಿಮೆ ವೇಗದಲ್ಲಿ ಆ ಓಲಾಟ ತಾನಾಗಿ ಅಡಗುತ್ತದೆ. ವೇಗ ಹೆಚ್ಚಿದಂತೆ ಅಡಗುವ ಗುಣ ಕಡಿಮೆಯಾಗುತ್ತ ಹೋಗಿ, ಒಂದು ವೇಗ ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಆ ವೇಗ ಯಾವುದು ಎಂಬುದನ್ನು ಮೂಕಿಭಾರ, ಟೈರಿನ ಪಕ್ಕೆಯ ಗಡಸುತನ, ಟ್ರೇಲರಿನಲ್ಲಿ ತೂಕ ಎಲ್ಲಿದೆ ಎಂಬುದು ನಿರ್ಧರಿಸುತ್ತವೆ. ನಾನೊಮ್ಮೆ ನಿಮ್ಮದರಂಥ ಮೆದು ಸ್ಪ್ರಿಂಗಿನ ಪಿಕಪ್‌ಗೆ ಟ್ರೇಲರ್ ಕಟ್ಟಿ ಹೊರಟಿದ್ದೆ. ಆಕ್ಸಲ್‌ಗಿಂತ ಹಿಂದಿದ್ದ ನೀರಿನ ಟ್ಯಾಂಕ್ ಪೂರ್ತಿ ತುಂಬಿತ್ತು, ಮೂಕಿ ಹಗುರಾಗಿತ್ತು. ಇಳಿಜಾರಿನಲ್ಲಿ ಒಂದು ಲಾರಿ ಪಕ್ಕದಿಂದ ಹಾದುಹೋದಾಗ ಗಾಳಿ ಹೊಡೆದು ಓಲಾಟ ಶುರುವಾಯಿತು. ಮೂರನೇ ಓಲಾಟಕ್ಕೆ ನನ್ನ ಗಾಡಿಯ ಹಿಂಭಾಗವೂ ಅದರ ಜೊತೆ ಕುಣಿಯುತ್ತಿತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರವಾಗಿ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿದೆ. ನಿಂತ ಮೇಲೆ ಐದು ನಿಮಿಷ ಇಳಿಯಲು ಆಗಲಿಲ್ಲ. ಎಂಜಿನ್‌ನ ಶಕ್ತಿ ಆ ಹತ್ತು ಸೆಕೆಂಡುಗಳಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಅದರಿಂದ ಕೆಲವು ವಿಷಯಗಳು ನನ್ನಲ್ಲಿ ಗಟ್ಟಿಯಾಗಿ ಉಳಿದಿವೆ. ಮರಳಿನಲ್ಲಿ ಓಡಿಸಲು ಟೈರಿನ ಗಾಳಿ ಇಳಿಸಿದ್ದರೆ, ಟ್ರೇಲರ್ ಕಟ್ಟುವ ಮೊದಲು ಬಾಗಿಲ ಚೀಟಿಯಲ್ಲಿ ಹೇಳಿದಷ್ಟು ತುಂಬಿ, ಟೈರ್ ತಣ್ಣಗಿರುವಾಗ. ಡ್ರೈವ್ ಮೋಡ್ ಟೋ ಮೋಡ್‌ನಲ್ಲೇ ಇರಲಿ. ಮರಳುಗಾಡಿನ ಓಟದ ಬಾಜಾ ಮೋಡ್, ನಿಂತಲ್ಲಿಂದ ಚಿಮ್ಮಿಸುವ ಲಾಂಚ್ ಕಂಟ್ರೋಲ್ ಎರಡನ್ನೂ ಮರೆತುಬಿಡಿ. ನಿಮ್ಮ ಗಾಡಿಗೆ 118 ಮೈಲಿ ವೇಗದ ಶಕ್ತಿ ಇರಬಹುದು, ಆದರೆ ಟ್ರೇಲರಿಗೆಂದೇ ಮಾಡಿದ ಅನೇಕ ಎಸ್‌ಟಿ ಟೈರುಗಳನ್ನು 65 ಮೈಲಿಗೆಂದು ಮಾಡಿರುತ್ತಾರೆ, ನಾನು ಅದಕ್ಕೂ ಕೆಳಗೇ ಇರುತ್ತೇನೆ. ಟ್ರೇಲರಿನ ಎರಡು ತುದಿಗಳಲ್ಲಿ ಭಾರ ಇಡಬೇಡಿ. ಭಾರವಾದದ್ದು ಆಕ್ಸಲ್‌ನ ಮೇಲೆ, ಸ್ವಲ್ಪ ಮುಂದಕ್ಕೆ ಇರಲಿ. ಬೆಟ್ಟದ ದಾರಿ ಹಿಡಿಯುವುದಾದರೆ ಇನ್ನೊಂದು ಮಾತು: ಪ್ರತಿ ಸಾವಿರ ಅಡಿ ಎತ್ತರಕ್ಕೆ ಒಟ್ಟು ತೂಕವನ್ನು ಶೇಕಡಾ 2ರಷ್ಟು ಇಳಿಸಿ ಎಂದು ಫೋರ್ಡ್‌ನ ಕೈಪಿಡಿಗಳು ಹೇಳುತ್ತವೆ. ಸೂಪರ್‌ಚಾರ್ಜರ್ ಇದ್ದರೂ ಆ ಅಂಚನ್ನು ನಾನು ಇಟ್ಟುಕೊಳ್ಳುತ್ತೇನೆ.

ಹಾಗಾದರೆ ನಿಮ್ಮ ಗಾಡಿಗೆ ಎಂಥ ಟ್ರೇಲರ್ ಹೊಂದುತ್ತದೆ? ಲೆಕ್ಕವನ್ನು ಹಿಂದಿನಿಂದ ಮಾಡಿ. 1,310ರಲ್ಲಿ ನಾಲ್ವರ 530, ಹಿಚ್‌ನ 90 ಕಳೆದರೆ 690 ಉಳಿಯುತ್ತದೆ. ಬೆಡ್ ಖಾಲಿ ಬಿಟ್ಟರೆ ಇಡೀ 690 ಮೂಕಿಗೆ ಸಿಗುತ್ತದೆ. ಶೇಕಡಾ 13ರ ಲೆಕ್ಕದಲ್ಲಿ ಸಾಮಾನು ತುಂಬಿದ ಟ್ರೇಲರ್ 5,300 ಪೌಂಡ್. ಬೆಡ್‌ನಲ್ಲಿ ಆ 150 ಪೌಂಡ್ ಹೇರಿದರೆ ಅದು 4,150ಕ್ಕೆ ಇಳಿಯುತ್ತದೆ. ಬೆಡ್ ಖಾಲಿ ಬಿಡುವುದಾದರೆ, ಟ್ರೇಲರಿನೊಳಗಿನ ಸಾಮಾನಿನ 1,200 ಪೌಂಡ್ ಕಳೆದು, ಖಾಲಿ ತೂಕ 4,000 ಪೌಂಡ್ ಮೀರದ ಟ್ರೇಲರ್ ಹುಡುಕಿ. ಮಾರಾಟಗಾರರು ಬರೆದಿರುವ ಮೂಕಿಭಾರ ಖಾಲಿ ಟ್ರೇಲರಿನದು ಎಂಬುದನ್ನು ನೆನಪಿಡಿ. ಮನೆಯವರಿಗೆ 6,200ರ ಟ್ರೇಲರೇ ಬೇಕು ಎಂದಾದರೆ, ಟ್ರೇಲರ್ ಎಳೆಯಲು ಗೆಳೆಯನ ಸಾಮಾನ್ಯ ರಾಮ್‌ನಂಥ ಗಾಡಿ ಸರಿ. ಅಲ್ಲೂ ಮೊದಲು ನೋಡಬೇಕಾದದ್ದು ಬಾಗಿಲ ಚೀಟಿಯನ್ನೇ. 12,750 ಎಂಬುದು ಆ ಸಾಲಿನ ಒಂದು ನಿರ್ದಿಷ್ಟ ಜೋಡಣೆಗೆ ಮಾತ್ರ ಸಿಗುವ ಅಂಕಿ, ಅವರ ಗಾಡಿಯದು ಅದಕ್ಕಿಂತ ಸಾಕಷ್ಟು ಕಡಿಮೆ ಇರಬಹುದು.

ಯಾವ ಟ್ರೇಲರ್ ಕೊಂಡರೂ ಮೊದಲ ಪ್ರಯಾಣಕ್ಕೆ ಮುಂಚೆ ಲಾರಿಗಳ ತಂಗುದಾಣದಲ್ಲಿರುವ ಕ್ಯಾಟ್ ಸ್ಕೇಲ್‌ಗೆ ಹೋಗಿ. ಅದು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರನ್ನೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತದೆ. ಮೂರು ಸಲ ತೂಗಿ: ಟ್ರೇಲರ್ ಇಲ್ಲದೆ, ಆದರೆ ಮನೆಯವರೆಲ್ಲ ಕುಳಿತು ಇಂಧನ ಪೂರ್ತಿ ತುಂಬಿ; ಟ್ರೇಲರ್ ಕಟ್ಟಿ, ಹಂಚುವ ಕಂಬಿಗಳನ್ನು ಬಿಚ್ಚಿ; ಕಂಬಿಗಳನ್ನು ಬಿಗಿದು. ಮೊದಲನೆಯ ಮತ್ತು ಎರಡನೆಯ ಚೀಟಿಗಳಲ್ಲಿ ಗಾಡಿಯ ಎರಡು ಆಕ್ಸಲ್‌ಗಳ ಮೊತ್ತದ ವ್ಯತ್ಯಾಸವೇ ನಿಜವಾದ ಮೂಕಿಭಾರ. ಎರಡನೆಯದರ ಮತ್ತು ಮೂರನೆಯದರ ವ್ಯತ್ಯಾಸ ನೋಡಿದರೆ ಹಿಚ್ ಎಷ್ಟು ಭಾರವನ್ನು ಎಲ್ಲಿಗೆ ದಾಟಿಸಿತು ಎಂದು ತಿಳಿಯುತ್ತದೆ. ಹಿಂದಿನ ಆಕ್ಸಲ್‌ನ ಗಡಿ, ಜಿಎಡಬ್ಲ್ಯುಆರ್, ಬಾಗಿಲ ಚೌಕಟ್ಟಿನಲ್ಲೇ ಬರೆದಿರುತ್ತದೆ, ಅದರೊಂದಿಗೆ ಹೋಲಿಸಿ. ಆ ಮೂರು ಚೀಟಿಗಳ ಅಂಕಿಗಳನ್ನು, ಜೊತೆಗೆ ಬಾಗಿಲ ಚೀಟಿಯ ಪೇಲೋಡನ್ನು ನನಗೆ ಬರೆದು ಕಳಿಸಿ. ಕಂಬಿಗಳನ್ನು ಎಷ್ಟು ಬಿಗಿಯಬೇಕು, ಸಾಮಾನು ಎಲ್ಲಿಂದ ಎಲ್ಲಿಗೆ ಸರಿಸಬೇಕು ಎಂದು ಕೂತು ಲೆಕ್ಕ ಹಾಕಿ ಹೇಳುತ್ತೇನೆ.